ನ್ಯಾಯಾಲಯದ ದಾಖಲೆಗಳಲ್ಲಿ ಗುಲಾಮರ ಬದುಕು ಮತ್ತು ಮಾನಸಿಕ ಆರೋಗ್ಯ

ನ್ಯಾಯಾಲಯದ ದಾಖಲೆಗಳಲ್ಲಿ ಗುಲಾಮರ ಬದುಕು ಮತ್ತು ಮಾನಸಿಕ ಆರೋಗ್ಯ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಗುಲಾಮಗಿರಿಯ ಚರಿತ್ರೆಗೆ ಸೇರಿದ ಒಂದು ಅಧ್ಯಯನ ಕ್ಷೇತ್ರ. ಗುಲಾಮರಾಗಿದ್ದ ಆಫ್ರಿಕಾ ಮೂಲದ ಜನರ ಜೀವನ, ಅವರ ಮಾನಸಿಕ ಸಂಕಟ ಮತ್ತು ಅವರಿಗೆ ದೊರೆತ ಅಥವಾ ದೊರೆಯದೆ ಹೋದ ಚಿಕಿತ್ಸೆಯನ್ನು ಕ್ರಯಪತ್ರ, ದಾವೆ, ಸಾಕ್ಷಿಗಳ ಹೇಳಿಕೆ, ಉಯಿಲು, ಶವಪಂಚನಾಮೆ ಮುಂತಾದ ಕಾನೂನು ಕಾಗದಗಳ ಮೂಲಕ ಗುರುತಿಸುವುದು ಇದರ ಉದ್ದೇಶ. 1860ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 39 ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ಅವರಲ್ಲಿ ಸ್ವತಃ ಬರೆದಿಟ್ಟು ಹೋದವರು ಕೆಲವರು ಮಾತ್ರ. ಹೀಗಾಗಿ ಅವರನ್ನು ಸ್ವತ್ತೆಂದು ಪರಿಗಣಿಸಿದ ನ್ಯಾಯಾಲಯಗಳ ಕಡತಗಳೇ ಇಂದು ಅವರ ಬದುಕಿಗೆ ಉಳಿದಿರುವ ಪ್ರಮುಖ ಆಕರಗಳಲ್ಲಿ ಒಂದಾಗಿವೆ.

ಹಿನ್ನೆಲೆ

ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು ಕಾನೂನು ನಿಷೇಧಿಸಿತ್ತು. ಗುಲಾಮರ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಲಿಲ್ಲ. ಬಿಳಿಯರ ವಿರುದ್ಧ ಸಾಕ್ಷಿ ಹೇಳುವ ಅಧಿಕಾರವೂ ಅವರಿಗಿರಲಿಲ್ಲ. ಆದರೂ ಅವರ ಹೆಸರುಗಳು ನ್ಯಾಯಾಲಯದ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಒಬ್ಬ ವ್ಯಕ್ತಿಯನ್ನು ಕೊಳ್ಳುವಾಗ, ಮಾರುವಾಗ, ಅಡವಿಡುವಾಗ, ಬಾಡಿಗೆಗೆ ಕೊಡುವಾಗ, ವಾರಸುದಾರರಲ್ಲಿ ಹಂಚುವಾಗ ವಿವಾದವೆದ್ದರೆ ಅದು ನ್ಯಾಯಾಲಯಕ್ಕೆ ಬರುತ್ತಿತ್ತು. ವಾದಿ, ಪ್ರತಿವಾದಿಗಳಿಬ್ಬರೂ ಬಿಳಿಯ ಮಾಲೀಕರು. ವಿವಾದದ ವಸ್ತು ಮಾತ್ರ ಒಬ್ಬ ಮನುಷ್ಯ ಅಥವಾ ಒಂದು ಕುಟುಂಬ. ಆ ಮನುಷ್ಯನಿಗೆ ಬುದ್ಧಿ ಸರಿಯಿದೆಯೇ, ರಾತ್ರಿ ನಿದ್ರೆ ಬರುತ್ತದೆಯೇ, ಏಕೆ ಅಳುತ್ತಾನೆ, ಏಕೆ ಓಡಿಹೋಗುತ್ತಾನೆ ಎಂಬ ಪ್ರಶ್ನೆಗಳು ಬೆಲೆಯ ಪ್ರಶ್ನೆಗಳಾಗಿ ಅಲ್ಲಿ ಚರ್ಚೆಯಾಗುತ್ತಿದ್ದವು.

ಮಾರಾಟದ ಖಾತರಿ ಮತ್ತು ಮನಸ್ಸಿನ ಸ್ವಾಸ್ಥ್ಯ

ದಕ್ಷಿಣದ ಕ್ರಯಪತ್ರಗಳಲ್ಲಿ ಮಾರಲ್ಪಡುವ ವ್ಯಕ್ತಿಯು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಸ್ವಸ್ಥನಾಗಿದ್ದಾನೆ, ಜೀವಾವಧಿ ಗುಲಾಮನಾಗಿದ್ದಾನೆ ಎಂಬ ಖಾತರಿಯನ್ನು ಬರೆಯುವ ರೂಢಿ ವ್ಯಾಪಕವಾಗಿತ್ತು. ಈ ಖಾತರಿ ಸುಳ್ಳಾದರೆ ಕೊಂಡವನು ಮಾರಿದವನ ಮೇಲೆ ದಾವೆ ಹೂಡಬಹುದಿತ್ತು. ದಕ್ಷಿಣ ಕೆರೊಲಿನಾದ ನ್ಯಾಯಾಲಯಗಳು ಪೂರ್ಣ ಬೆಲೆ ಪಡೆದಿದ್ದರೆ ಖಾತರಿಯನ್ನು ಬರೆಯದಿದ್ದರೂ ಅದು ಇದ್ದಂತೆಯೇ ಎಂದು ಭಾವಿಸುತ್ತಿದ್ದವು. ಬೇರೆ ಹಲವು ರಾಜ್ಯಗಳಲ್ಲಿ ಲಿಖಿತ ಖಾತರಿ ಇಲ್ಲದಿದ್ದರೆ ನಷ್ಟವನ್ನು ಕೊಂಡವನೇ ಹೊರಬೇಕಾಗಿತ್ತು.

ಈ ವಿಷಯದಲ್ಲಿ ಅತ್ಯಂತ ವಿವರವಾದ ಕಾನೂನು ಲೂಸಿಯಾನದ್ದು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಪರಂಪರೆಯಿಂದ ಬಂದ ಅಲ್ಲಿನ ನಾಗರಿಕ ಸಂಹಿತೆಯು ಮಾರಾಟವನ್ನು ರದ್ದುಪಡಿಸಬಲ್ಲ ದೋಷಗಳನ್ನು ಪಟ್ಟಿಮಾಡಿತ್ತು. 1825ರ ಸಂಹಿತೆಯಲ್ಲಿ ಗುಲಾಮರ ದೋಷಗಳನ್ನು ದೇಹದ ದೋಷಗಳು ಮತ್ತು ನಡತೆಯ ದೋಷಗಳು ಎಂದು ಎರಡಾಗಿ ವಿಂಗಡಿಸಲಾಗಿದೆ. ಕುಷ್ಠ, ಹುಚ್ಚು ಮತ್ತು ಅಪಸ್ಮಾರ ಇವು ಮೂರು ದೇಹದ ಪರಿಪೂರ್ಣ ದೋಷಗಳು. ಇವುಗಳಲ್ಲಿ ಒಂದು ಇದ್ದರೂ ಮಾರಾಟವನ್ನು ರದ್ದುಪಡಿಸಬಹುದಾಗಿತ್ತು. ಮರಣದಂಡನೆಗೆ ಅರ್ಹವಾದ ಅಪರಾಧ, ಕಳ್ಳತನದ ಚಟ ಮತ್ತು ಓಡಿಹೋಗುವ ಚಟ ಇವು ನಡತೆಯ ದೋಷಗಳು. ಎರಡು ಬಾರಿ ಹಲವು ದಿನಗಳ ಕಾಲ ಅಥವಾ ಒಂದು ಬಾರಿ ತಿಂಗಳಿಗೂ ಮಿಕ್ಕಿ ಯಜಮಾನನ ಮನೆಯಿಂದ ಮರೆಯಾಗಿದ್ದವನಿಗೆ ಓಡಿಹೋಗುವ ಚಟವಿದೆ ಎಂದು ಸಂಹಿತೆ ವ್ಯಾಖ್ಯಾನಿಸಿತ್ತು.

ಈ ಕಾನೂನಿನ ಅಡಿಯಲ್ಲಿ 1835ರಲ್ಲಿ ಲೂಸಿಯಾನದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಇಕಾರ್ ವಿರುದ್ಧ ಸುವಾರೆಸ್ ಪ್ರಕರಣವನ್ನು ಇತಿಹಾಸಕಾರರು ಹಲವು ಬಾರಿ ಉಲ್ಲೇಖಿಸಿದ್ದಾರೆ. ಕೇಟ್ ಎಂಬ ಗುಲಾಮ ಸ್ತ್ರೀಯನ್ನು ಕೊಂಡವನು ಆಕೆಗೆ ಹುಚ್ಚು ಇದೆ ಎಂದು ಹೇಳಿ ಮಾರಾಟವನ್ನು ರದ್ದುಪಡಿಸಬೇಕೆಂದು ಕೇಳಿದ. ಆಕೆ ಹುಚ್ಚಿಯಲ್ಲ, ಮಂದಬುದ್ಧಿಯವಳು ಮಾತ್ರ. ಮಂದಬುದ್ಧಿ ನೋಡಿದೊಡನೆ ತಿಳಿಯುವ ದೋಷವಾದ್ದರಿಂದ ಅದಕ್ಕೆ ತಾನು ಹೊಣೆಯಲ್ಲ ಎಂದು ಮಾರಿದವನು ವಾದಿಸಿದ. ಮಂದಬುದ್ಧಿ ಎಲ್ಲಿ ಮುಗಿದು ಹುಚ್ಚು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವ ಗೋಜಿಗೆ ನ್ಯಾಯಾಲಯ ಹೋಗಲಿಲ್ಲ. ಗೊತ್ತಿದ್ದರೆ ಯಾರೂ ಕೊಳ್ಳದಷ್ಟು ನಿರುಪಯುಕ್ತವಾದ ಸರಕು ಇದು ಎಂಬ ಸಾಮಾನ್ಯ ನಿಯಮವನ್ನೇ ಆಧರಿಸಿ ಕೊಂಡವನ ಪರವಾಗಿ ತೀರ್ಪು ನೀಡಿತು. ಕೇಟ್‌ಗೆ ಏನು ಸಂಕಟವಿತ್ತು, ಅದು ಯಾವಾಗ ಆರಂಭವಾಯಿತು, ಆಕೆಗೆ ತಂದೆತಾಯಿಯರೋ ಮಕ್ಕಳೋ ಇದ್ದರೇ ಎಂಬ ಪ್ರಶ್ನೆಗಳು ತೀರ್ಪಿನ ವ್ಯಾಪ್ತಿಗೆ ಬರಲಿಲ್ಲ.

ಇಂತಹ ದಾವೆಗಳಲ್ಲಿ ವೈದ್ಯರು, ನೆರೆಯವರು, ತೋಟದ ಮೇಲ್ವಿಚಾರಕರು ಮತ್ತು ವ್ಯಾಪಾರಿಗಳು ಸಾಕ್ಷಿ ಹೇಳುತ್ತಿದ್ದರು. ಗುಲಾಮರ ಮಾತುಗಳು ನೇರವಾಗಿ ದಾಖಲಾಗದಿದ್ದರೂ ಕೆಲವು ರಾಜ್ಯಗಳಲ್ಲಿ ರೋಗಿಯು ತನ್ನ ನೋವಿನ ಬಗ್ಗೆ ವೈದ್ಯನಿಗೆ ಹೇಳಿದ ಮಾತನ್ನು ವೈದ್ಯನ ಬಾಯಿಯಿಂದ ಕೇಳಲು ನ್ಯಾಯಾಲಯಗಳು ಒಪ್ಪಿದವು. ಕಾನೂನು ಮುಚ್ಚಿದ ಬಾಗಿಲಿನ ಈ ಸಣ್ಣ ಸಂದಿಯಿಂದಲೇ ಎಷ್ಟೋ ಗುಲಾಮರ ಮಾತು ಇಂದಿನವರೆಗೆ ಉಳಿದು ಬಂದಿದೆ.

ಓಡಿಹೋಗುವುದು: ದೋಷದಿಂದ ರೋಗಕ್ಕೆ

ಲೂಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ 1851ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಗುಲಾಮರು ಓಡಿಹೋಗುವುದು ಒಂದು ಮಾನಸಿಕ ರೋಗವೆಂದು ಪ್ರತಿಪಾದಿಸಿ ಅದಕ್ಕೆ ಡ್ರಾಪೆಟೊಮೇನಿಯಾ ಎಂದು ಹೆಸರಿಟ್ಟ. ಓಡಿಹೋದವನು ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಕೆಲಸದಲ್ಲಿ ನಿರಾಸಕ್ತಿ ತೋರುವುದು, ಉಪಕರಣಗಳನ್ನು ಹಾಳುಮಾಡುವುದು ಇವಕ್ಕೂ ಆತ ಡಿಸ್ಈಸ್ಥೀಸಿಯಾ ಈಥಿಯೋಪಿಕಾ ಎಂಬ ಇನ್ನೊಂದು ರೋಗವನ್ನು ಕಲ್ಪಿಸಿದ. ಗುಲಾಮರನ್ನು ಅತಿಯಾದ ಸಲಿಗೆಯಿಂದಲೂ ಅತಿಯಾದ ಕ್ರೌರ್ಯದಿಂದಲೂ ನಡೆಸಿಕೊಳ್ಳದೆ ಅಧೀನದಲ್ಲಿಟ್ಟುಕೊಂಡರೆ ಓಡುವ ರೋಗ ಬಾರದೆಂದೂ, ಕಾರಣವಿಲ್ಲದೆ ಅಸಮಾಧಾನ ತೋರುವವರಿಗೆ ಚಾಟಿಯೇಟೇ ಮುನ್ನೆಚ್ಚರಿಕೆಯ ಮದ್ದೆಂದೂ ಆತ ಬರೆದ. ಉತ್ತರದ ಪತ್ರಿಕೆಗಳಲ್ಲಿ ಈ ವಾದ ಅಪಹಾಸ್ಯಕ್ಕೆ ಗುರಿಯಾಯಿತು. ಇಂದು ಇದನ್ನು ಜನಾಂಗೀಯ ಪೂರ್ವಗ್ರಹವು ವಿಜ್ಞಾನದ ವೇಷ ಧರಿಸಿದ್ದಕ್ಕೆ ಉದಾಹರಣೆಯಾಗಿ ಕೊಡಲಾಗುತ್ತದೆ.

ನ್ಯಾಯಾಲಯದ ದಾಖಲೆಗಳ ಜೊತೆಗಿಟ್ಟು ಓದಿದಾಗ ಈ ವರದಿಯ ಹಿನ್ನೆಲೆ ಸ್ಪಷ್ಟವಾಗುತ್ತದೆ. ಅದೇ ರಾಜ್ಯದ ಸಂಹಿತೆ ಓಡಿಹೋಗುವುದನ್ನು ಮಾರಾಟಕ್ಕೆ ಅಡ್ಡಿಯಾಗುವ ದೋಷವೆಂದು ಕಾಲು ಶತಮಾನದ ಹಿಂದೆಯೇ ಬರೆದಿಟ್ಟಿತ್ತು. ದೋಷವೆಂದಾಗಲಿ ರೋಗವೆಂದಾಗಲಿ ಕರೆದರೆ ಓಟದ ಕಾರಣವನ್ನು ಓಡಿದವನೊಳಗೇ ಹುಡುಕಿದಂತಾಗುತ್ತದೆ. ಆದರೆ ಸಾಕ್ಷ್ಯಗಳಲ್ಲಿ ಬೇರೆ ಕಾರಣಗಳು ಕಾಣುತ್ತವೆ: ಬೇರೆ ತೋಟದಲ್ಲಿರುವ ಹೆಂಡತಿ, ಮಾರಿಹೋದ ಮಗು, ಹೊಸ ಮೇಲ್ವಿಚಾರಕನ ಚಾಟಿ.

1840ರ ಜನಗಣತಿಯ ವಿವಾದ

ಅಮೆರಿಕದ 1840ರ ಜನಗಣತಿಯಲ್ಲಿ ಮೊದಲ ಬಾರಿಗೆ ಬುದ್ಧಿಭ್ರಮಣೆಯುಳ್ಳವರನ್ನು ಎಣಿಸಲಾಯಿತು. ಉತ್ತರದ ರಾಜ್ಯಗಳ ಕಪ್ಪು ಜನರಲ್ಲಿ ಸುಮಾರು 162ಕ್ಕೆ ಒಬ್ಬರು, ದಕ್ಷಿಣದಲ್ಲಿ ಸುಮಾರು 1,558ಕ್ಕೆ ಒಬ್ಬರು ಬುದ್ಧಿಭ್ರಮಣೆ ಅಥವಾ ಬುದ್ಧಿಮಾಂದ್ಯ ಉಳ್ಳವರು ಎಂಬ ಲೆಕ್ಕ ಹೊರಬಿತ್ತು. ಸ್ವಾತಂತ್ರ್ಯ ಕಪ್ಪು ಜನರಿಗೆ ಹುಚ್ಚು ಹಿಡಿಸುತ್ತದೆ, ಗುಲಾಮಗಿರಿ ಅವರನ್ನು ಕಾಪಾಡುತ್ತದೆ ಎಂದು ಗುಲಾಮಗಿರಿಯ ಸಮರ್ಥಕರು ಇದನ್ನು ಬಳಸಿದರು. 1844ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಕ್ಯಾಲ್‌ಹೂನ್ ಬ್ರಿಟಿಷ್ ರಾಯಭಾರಿ ರಿಚರ್ಡ್ ಪ್ಯಾಕೆನ್‌ಹ್ಯಾಮ್‌ಗೆ ಬರೆದ ಪತ್ರದಲ್ಲಿ ಇದೇ ಅಂಕಿಗಳನ್ನು ಮುಂದಿಟ್ಟ.

ಮ್ಯಾಸಚೂಸೆಟ್ಸ್‌ನ ವೈದ್ಯ ಎಡ್ವರ್ಡ್ ಜಾರ್ವಿಸ್ ಅಂಕಿಗಳನ್ನು ಊರೂರಿನ ಮಟ್ಟದಲ್ಲಿ ಪರಿಶೀಲಿಸಿದಾಗ ಅವು ತಪ್ಪೆಂದು ಕಂಡುಬಂತು. ಕಪ್ಪು ನಿವಾಸಿಗಳೇ ಇಲ್ಲದ ಊರುಗಳಲ್ಲಿ ಕಪ್ಪು ಬುದ್ಧಿಭ್ರಮಿತರನ್ನು ತೋರಿಸಲಾಗಿತ್ತು. ವೂಸ್ಟರ್ ನಗರದ ರಾಜ್ಯ ಆಸ್ಪತ್ರೆಯಲ್ಲಿದ್ದ 133 ಬಿಳಿಯ ರೋಗಿಗಳು ಕಪ್ಪು ಜನರ ಅಂಕಣದಲ್ಲಿ ಸೇರಿಹೋಗಿದ್ದರು. ಕಪ್ಪು ವೈದ್ಯ ಜೇಮ್ಸ್ ಮೆಕ್‌ಕ್ಯೂನ್ ಸ್ಮಿತ್ ಕೂಡ ಈ ಲೆಕ್ಕವನ್ನು ಖಂಡಿಸಿ ಬರೆದ. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಸಂಸತ್ತಿನಲ್ಲಿ ಒತ್ತಾಯಿಸಿದರೂ ಸರ್ಕಾರ ಅಧಿಕೃತ ತಿದ್ದುಪಡಿ ಮಾಡಲಿಲ್ಲ.

ಚಿಕಿತ್ಸೆ ಮತ್ತು ಆಸ್ಪತ್ರೆಗಳು

ಮಾನಸಿಕ ಸಂಕಟಕ್ಕೆ ಒಳಗಾದ ಹೆಚ್ಚಿನ ಗುಲಾಮರು ತೋಟಗಳಲ್ಲಿಯೇ ಉಳಿದರು. ಸ್ವಜನರ ಆರೈಕೆ, ಗಿಡಮೂಲಿಕೆ, ಪ್ರಾರ್ಥನೆ ಅವರಿಗೆ ದೊರೆತ ಉಪಚಾರ. ಉಪದ್ರವಕಾರಿ ಎಂದು ಯಜಮಾನನಿಗೆ ಕಂಡವರನ್ನು ಕೂಡಿಹಾಕಲಾಗುತ್ತಿತ್ತು ಅಥವಾ ಸ್ಥಳೀಯ ಸೆರೆಮನೆಗೆ ಕಳುಹಿಸಲಾಗುತ್ತಿತ್ತು.

ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ 1773ರಲ್ಲಿ ಆರಂಭವಾದ ಸಾರ್ವಜನಿಕ ಆಸ್ಪತ್ರೆಯು ಮನೋರೋಗಿಗಳಿಗೆಂದೇ ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಸ್ಥಾಪಿತವಾದ ಮೊದಲ ಸಾರ್ವಜನಿಕ ಸಂಸ್ಥೆ. ಅಲ್ಲಿ ಸ್ವತಂತ್ರ ಕಪ್ಪು ರೋಗಿಗಳಿಗೆ ಮೊದಲಿನಿಂದಲೂ ಪ್ರವೇಶವಿತ್ತು. 1846ರ ಕಾನೂನು ಗುಲಾಮರಿಗೂ ಪ್ರವೇಶ ಕಲ್ಪಿಸಿತು. ಆದರೆ ಬಿಳಿಯ ರೋಗಿಗಳಿಗೆ ಸ್ಥಳದ ಕೊರತೆಯಾಗಬಾರದು, ವೆಚ್ಚವನ್ನು ಮಾಲೀಕನೇ ಕೊಡಬೇಕು ಎಂಬ ಷರತ್ತುಗಳಿದ್ದವು. ಹೀಗಾಗಿ ಗುಲಾಮನೊಬ್ಬನ ಚಿಕಿತ್ಸೆ ಆತನ ರೋಗದ ತೀವ್ರತೆಗಿಂತ ಮಾಲೀಕನ ಲೆಕ್ಕಾಚಾರವನ್ನು ಅವಲಂಬಿಸಿತು. ಅದೇ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಯ ಬಹುಪಾಲು ಕೆಲಸವನ್ನು ಮಾಡಿದವರೂ ಗುಲಾಮರೇ. ಅಂದಿನ ಮೇಲ್ವಿಚಾರಕ ಜಾನ್ ಗಾಲ್ಟ್‌ನ ಕಾಲದ ಈ ಚಿತ್ರವನ್ನು ಇತಿಹಾಸಕಾರ್ತಿ ವೆಂಡಿ ಗೊನೇವರ್ 2019ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬಿಡಿಸಿಟ್ಟಿದ್ದಾರೆ. ದಕ್ಷಿಣ ಕೆರೊಲಿನಾದ ಶಾಸನಸಭೆ 1848ರಲ್ಲಿ ತನ್ನ ಆಸ್ಪತ್ರೆಗೆ ಕಪ್ಪು ರೋಗಿಗಳನ್ನು ಸೇರಿಸಿಕೊಳ್ಳಲು ಅನುಮತಿ ನೀಡಿತು.

ವರ್ಜೀನಿಯಾದ 1782ರ ಬಿಡುಗಡೆ ಕಾನೂನಿನಲ್ಲಿಯೂ ಮನಸ್ಸಿನ ಸ್ವಾಸ್ಥ್ಯದ ಪ್ರಸ್ತಾಪವಿದೆ. ಬಿಡುಗಡೆಯಾಗುವವನು ದೇಹ ಮತ್ತು ಮನಸ್ಸಿನಲ್ಲಿ ಸ್ವಸ್ಥನಲ್ಲ ಎಂದು ನ್ಯಾಯಾಲಯಕ್ಕೆ ಕಂಡರೆ, ಅಥವಾ 45 ವರ್ಷ ಮೀರಿದವನಾಗಿದ್ದರೆ, ಬಿಡುಗಡೆ ಮಾಡಿದವನೇ ಅವನನ್ನು ಪೋಷಿಸಬೇಕಾಗಿತ್ತು. ದುಡಿಯಲಾರದವರನ್ನು ಬಿಡುಗಡೆಯ ಹೆಸರಿನಲ್ಲಿ ಬೀದಿಗೆ ತಳ್ಳುವುದನ್ನು ತಡೆಯುವುದು ಇದರ ಉದ್ದೇಶ.

ಅಂತರ್ಯುದ್ಧದ ನಂತರ 1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾಯಿತು. ಬಿಡುಗಡೆ ಹೊಂದಿದ ಮನೋರೋಗಿಗಳಿಗಾಗಿ ವರ್ಜೀನಿಯಾದ ರಿಚ್ಮಂಡ್ ಬಳಿಯ ಹೊವಾರ್ಡ್ಸ್ ಗ್ರೋವ್‌ನಲ್ಲಿ ಪ್ರತ್ಯೇಕ ಆಸ್ಪತ್ರೆ ಆರಂಭವಾಗಿ 1885ರಲ್ಲಿ ಪೀಟರ್ಸ್‌ಬರ್ಗ್‌ಗೆ ಸ್ಥಳಾಂತರಗೊಂಡಿತು. ಸೆಂಟ್ರಲ್ ಸ್ಟೇಟ್ ಆಸ್ಪತ್ರೆ ಎಂದು ಹೆಸರಾದ ಈ ಸಂಸ್ಥೆಯ ಹಳೆಯ ಕಡತಗಳನ್ನು ಗಣಕೀಕರಿಸಿ ಉಳಿಸುವ ಕಾರ್ಯವನ್ನು ಪ್ರಾಧ್ಯಾಪಕ ಕಿಂಗ್ ಡೇವಿಸ್ ಅವರ ನೇತೃತ್ವದ ತಂಡ ಕೈಗೊಂಡಿತು.

ಆನ್ ವಿಲಿಯಮ್ಸ್ ಪ್ರಕರಣ

ಒಬ್ಬ ವ್ಯಕ್ತಿಯ ಬದುಕನ್ನು ದಾಖಲೆಗಳಿಂದ ಮರಳಿ ಕಟ್ಟಿದ ಉದಾಹರಣೆಗಳಲ್ಲಿ ಆನ್ ವಿಲಿಯಮ್ಸ್‌ಳ ಪ್ರಕರಣ ಪ್ರಸಿದ್ಧವಾದುದು. 1815ರ ನವೆಂಬರ್‌ನಲ್ಲಿ ವಾಷಿಂಗ್ಟನ್ ನಗರದ ಎಫ್ ರಸ್ತೆಯಲ್ಲಿದ್ದ ಜಾರ್ಜ್ ಮಿಲ್ಲರ್‌ನ ಹೋಟೆಲಿನ ಮೂರನೆಯ ಅಂತಸ್ತಿನ ಕಿಟಕಿಯಿಂದ ಒಬ್ಬ ಗುಲಾಮ ಸ್ತ್ರೀ ಬೆಳಗಿನ ಜಾವ ಕೆಳಕ್ಕೆ ಹಾರಿದಳು. ಮೇರಿಲ್ಯಾಂಡ್‌ನ ಬ್ಲಾಡೆನ್ಸ್‌ಬರ್ಗ್ ಬಳಿ ಗಂಡನಿಂದ ಬೇರ್ಪಡಿಸಿ ಆಕೆಯನ್ನು ಇಬ್ಬರು ಹೆಣ್ಣುಮಕ್ಕಳೊಂದಿಗೆ ದಕ್ಷಿಣದ ವ್ಯಾಪಾರಿಗಳಿಗೆ ಮಾರಲಾಗಿತ್ತು. ಬೆನ್ನು ಮತ್ತು ಕೈಗಳು ಮುರಿದರೂ ಆಕೆ ಬದುಕುಳಿದಳು. ವ್ಯಾಪಾರಿಗಳು ಆಕೆಯನ್ನು ಅಲ್ಲಿಯೇ ಬಿಟ್ಟು ಮಕ್ಕಳನ್ನು ಕರೆದೊಯ್ದರು.

ವೈದ್ಯ ಜೆಸ್ಸಿ ಟೋರಿ ಆಕೆಯನ್ನು ಕಂಡು ಮಾತನಾಡಿಸಿ 1817ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆಕೆಯ ಕಥೆಯನ್ನು ಚಿತ್ರಸಹಿತ ಬರೆದ. ತನಗೆ ಹೋಗಲು ಇಷ್ಟವಿರಲಿಲ್ಲ, ಮನಸ್ಸು ಕಂಗೆಟ್ಟು ಏನು ಮಾಡುತ್ತಿದ್ದೇನೆಂಬುದೇ ತಿಳಿಯಲಿಲ್ಲ ಎಂಬರ್ಥದಲ್ಲಿ ಆಕೆ ಆತನಿಗೆ ಹೇಳಿದಳು. ಘಟನೆಯ ಸುದ್ದಿ ಹರಡಿ 1816ರಲ್ಲಿ ಸಂಸತ್ ಸದಸ್ಯ ಜಾನ್ ರಾಂಡಾಲ್ಫ್ ರಾಜಧಾನಿಯಲ್ಲಿನ ಗುಲಾಮ ವ್ಯಾಪಾರದ ತನಿಖೆಗೆ ಸಮಿತಿ ಬೇಕೆಂದು ಆಗ್ರಹಿಸಿದ. ಸಮಿತಿ ರಚನೆಯಾಯಿತಾದರೂ ಕಾನೂನೇನೂ ಬರಲಿಲ್ಲ.

ಟೋರಿಯ ಪುಸ್ತಕದಲ್ಲಿ ಆಕೆಯ ಹೆಸರು ಅನ್ನಾ ಎಂದಷ್ಟೇ ಇದೆ. ಆಕೆ ಮುಂದೆ ಏನಾದಳೆಂಬುದು ಸುಮಾರು ಎರಡು ಶತಮಾನಗಳ ಕಾಲ ತಿಳಿದಿರಲಿಲ್ಲ. ವಾಷಿಂಗ್ಟನ್ ಪ್ರದೇಶದ ಸ್ವಾತಂತ್ರ್ಯ ದಾವೆಗಳನ್ನು ಸಂಗ್ರಹಿಸುವ 'ಓ ಸೇ ಕ್ಯಾನ್ ಯು ಸೀ' ಯೋಜನೆಯ ಸಂಶೋಧಕರು ಕೊಲಂಬಿಯಾ ಜಿಲ್ಲೆಯ ಸರ್ಕ್ಯೂಟ್ ನ್ಯಾಯಾಲಯದ ಕಾಗದಗಳಲ್ಲಿ ಆಕೆಯನ್ನು ಗುರುತಿಸಿದರು. ಆನ್ ವಿಲಿಯಮ್ಸ್ ಎಂಬ ಪೂರ್ಣ ಹೆಸರಿನಲ್ಲಿ ಆಕೆ 1828ರಲ್ಲಿ ತನ್ನ ಮತ್ತು ಆ್ಯನ್ ಮರಿಯಾ, ಟೋಬಿಯಸ್, ಜಾನ್ ಎಂಬ ಮೂವರು ಮಕ್ಕಳ ಸ್ವಾತಂತ್ರ್ಯಕ್ಕಾಗಿ ಅದೇ ಜಾರ್ಜ್ ಮಿಲ್ಲರ್‌ನ ವಿರುದ್ಧ ಅರ್ಜಿ ಸಲ್ಲಿಸಿದ್ದಳು. 1832ರಲ್ಲಿ ಪಂಚರು ಅವರೆಲ್ಲರೂ ಸ್ವತಂತ್ರರೆಂದು ತೀರ್ಮಾನಿಸಿದರು. ಪುಸ್ತಕದ ಚಿತ್ರದಲ್ಲಿ ಬಿಳಿಯ ಉಡುಪಿನಲ್ಲಿ ಗಾಳಿಯಲ್ಲಿ ತೇಲುವಂತೆ ಕಾಣುವ ಸ್ತ್ರೀ, ಹದಿನೇಳು ವರ್ಷಗಳ ನಂತರ ನ್ಯಾಯಾಲಯದಲ್ಲಿ ಗೆದ್ದ ತಾಯಿಯೆಂದು ಹೀಗೆ ತಿಳಿದುಬಂತು.

ಇದೇ ಬಗೆಯ ಸುಮಾರು 300 ಸ್ವಾತಂತ್ರ್ಯ ದಾವೆಗಳ ಕಡತಗಳು ಮಿಸೌರಿಯ ಸೇಂಟ್ ಲೂಯಿಸ್ ನ್ಯಾಯಾಲಯದಲ್ಲಿ ದೊರೆತಿವೆ. 1846ರಲ್ಲಿ ಅಲ್ಲಿ ಆರಂಭವಾದ ಡ್ರೆಡ್ ಸ್ಕಾಟ್ ದಂಪತಿಗಳ ದಾವೆ 1857ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಅವರ ವಿರುದ್ಧ ಇತ್ಯರ್ಥವಾಯಿತು.

ಯಜಮಾನನ ಬುದ್ಧಿಸ್ವಾಸ್ಥ್ಯದ ಮೇಲೆ ನಿಂತ ಸ್ವಾತಂತ್ರ್ಯ

ಕೆಲವು ಪ್ರಕರಣಗಳಲ್ಲಿ ವಿಚಾರಣೆಗೆ ಬಂದದ್ದು ಯಜಮಾನನ ಬುದ್ಧಿಯೇ. ಉಯಿಲಿನಲ್ಲಿ ಗುಲಾಮರನ್ನು ಬಿಡುಗಡೆ ಮಾಡಿದವನಿಗೆ ಬುದ್ಧಿ ಸರಿಯಿರಲಿಲ್ಲ ಎಂದು ವಾರಸುದಾರರು ದಾವೆ ಹೂಡುತ್ತಿದ್ದರು. ವಾಷಿಂಗ್ಟನ್ ಘಟನೆಯ ತನಿಖೆಗೆ ಒತ್ತಾಯಿಸಿದ ಜಾನ್ ರಾಂಡಾಲ್ಫ್‌ನ ಉಯಿಲೇ ಇದಕ್ಕೆ ದೊಡ್ಡ ಉದಾಹರಣೆ. ಸ್ವತಃ ನೂರಾರು ಗುಲಾಮರ ಒಡೆಯನಾಗಿದ್ದ ಆತ 1821ರ ಉಯಿಲಿನಲ್ಲಿ ಅವರನ್ನು ಬಿಡುಗಡೆ ಮಾಡಿದ್ದ. 1832ರ ಇನ್ನೊಂದು ಉಯಿಲಿನಲ್ಲಿ ಅವರಲ್ಲಿ ಹೆಚ್ಚಿನವರನ್ನು ಮಾರುವಂತೆ ಬರೆದಿದ್ದ. 1833ರಲ್ಲಿ ಆತ ತೀರಿಕೊಂಡ ಮೇಲೆ ಯಾವ ಉಯಿಲನ್ನು ಬರೆಯುವಾಗ ಆತನ ಬುದ್ಧಿ ಸ್ಥಿಮಿತದಲ್ಲಿತ್ತು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಕೊನೆಗೆ ಬಿಡುಗಡೆಯ ಉಯಿಲು ಊರ್ಜಿತವಾಗಿ ಸುಮಾರು 380 ಮಂದಿ 1846ರಲ್ಲಿ ಓಹಾಯೊ ರಾಜ್ಯಕ್ಕೆ ಹೊರಟರು. ಅವರಿಗೆಂದು ಕೊಂಡಿದ್ದ ಜಮೀನಿನಲ್ಲಿ ನೆಲೆಸಲು ಅಲ್ಲಿನ ಬಿಳಿಯರು ಬಿಡಲಿಲ್ಲ. ಒಡೆಯನ ಮರಣದಿಂದ ಹೊರಡುವವರೆಗಿನ 13 ವರ್ಷಗಳನ್ನು ಅವರು ಗುಲಾಮರಾಗಿಯೇ ಕಳೆದಿದ್ದರು.

ಸಂಶೋಧನಾ ವಿಧಾನ

ಗುಲಾಮರಿಗೆ ದಾಖಲೆಗಳಲ್ಲಿ ಸಾಮಾನ್ಯವಾಗಿ ಒಂದೇ ಹೆಸರಿರುತ್ತದೆ. ಮೇರಿ, ಜಾನ್, ಕೇಟ್ ಮುಂತಾದ ಹೆಸರುಗಳು ಸಾವಿರಾರು. ಆದ್ದರಿಂದ ಸಂಶೋಧಕರು ಮೊದಲು ಮಾಲೀಕನ ಹೆಸರನ್ನು ಹಿಡಿದು ಹೊರಡುತ್ತಾರೆ. ದಾವೆಯ ಕಡತ, ಅದಕ್ಕೆ ಲಗತ್ತಿಸಿದ ಕ್ರಯಪತ್ರ, ಮಾಲೀಕನ ಮರಣಾನಂತರದ ಸ್ವತ್ತಿನ ಪಟ್ಟಿ, ವೈದ್ಯರ ಬಿಲ್ಲು, ಪತ್ರಿಕೆಗಳಲ್ಲಿನ ಓಡಿಹೋದವರ ಜಾಹೀರಾತು ಇವನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೆಸರು, ವಯಸ್ಸು, ಬೆಲೆಗಳನ್ನು ಹೋಲಿಸುತ್ತಾರೆ. ಪಟ್ಟಿಯಲ್ಲಿ ಒಬ್ಬರ ಬೆಲೆ ಹಠಾತ್ತನೆ ಇಳಿದಿದ್ದರೆ ಅದು ರೋಗದ ಸೂಚನೆಯಾಗಿರಬಹುದು.

1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ವಯಸ್ಸು, ಲಿಂಗ, ಬಣ್ಣಗಳ ಜೊತೆಗೆ ಕಿವುಡು, ಕುರುಡು, ಬುದ್ಧಿಭ್ರಮಣೆ, ಬುದ್ಧಿಮಾಂದ್ಯಗಳನ್ನು ಗುರುತಿಸುವ ಅಂಕಣವಿದೆ. ಆದರೆ ಗುಲಾಮರ ಹೆಸರುಗಳನ್ನು ಸಾಮಾನ್ಯವಾಗಿ ಬರೆದಿಲ್ಲ. ರೋಗಕ್ಕೆ ಅಂಕಣವಿದ್ದು ಹೆಸರಿಗೆ ಅಂಕಣವಿಲ್ಲದ ಈ ಪಟ್ಟಿಗಳನ್ನು ನ್ಯಾಯಾಲಯದ ಕಾಗದಗಳ ನೆರವಿಲ್ಲದೆ ಓದುವುದು ಕಷ್ಟ. ಹಿಂದೆ ಗುಲಾಮರಾಗಿದ್ದ ಬಹುತೇಕರ ಹೆಸರುಗಳು ಜನಗಣತಿಯಲ್ಲಿ ಮೊದಲು ಕಾಣಿಸುವುದು 1870ರಲ್ಲಿ.

ಈ ಕ್ಷೇತ್ರದ ಆರಂಭಿಕ ಆಕರ ಗ್ರಂಥ ಹೆಲೆನ್ ಕ್ಯಾಟರಾಲ್ ಸಂಪಾದಿಸಿದ, 1926ರಿಂದ 1937ರವರೆಗೆ 5 ಸಂಪುಟಗಳಲ್ಲಿ ಪ್ರಕಟವಾದ ತೀರ್ಪುಗಳ ಸಂಗ್ರಹ. ಮೇಲಿನ ನ್ಯಾಯಾಲಯಗಳ ಮುದ್ರಿತ ತೀರ್ಪುಗಳು ಸಂಕ್ಷಿಪ್ತವಾಗಿರುತ್ತವೆ. ಸಾಕ್ಷಿಗಳ ಹೇಳಿಕೆಗಳಿರುವ ಮೂಲ ಕಡತಗಳೇ ಹೆಚ್ಚು ಮಾಹಿತಿಯುಳ್ಳವು. ಲೂಸಿಯಾನದ ಇಂತಹ ಕಡತಗಳನ್ನು ಆಧರಿಸಿ ಜುಡಿತ್ ಶೇಫರ್ (1994) ಮತ್ತು ವಾಲ್ಟರ್ ಜಾನ್ಸನ್ (1999), ದಕ್ಷಿಣದ ಹಲವು ರಾಜ್ಯಗಳ ವಿಚಾರಣಾ ನ್ಯಾಯಾಲಯಗಳ ಕಡತಗಳನ್ನು ಆಧರಿಸಿ ಏರಿಯೆಲಾ ಗ್ರಾಸ್ (2000) ಮಹತ್ವದ ಗ್ರಂಥಗಳನ್ನು ರಚಿಸಿದರು. ಗುಲಾಮರ ಆತ್ಮಹತ್ಯೆಗಳ ಬಗ್ಗೆ ಟೆರಿ ಸ್ನೈಡರ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ನ್ಯಾಯಾಲಯದ ದಾಖಲೆಗಳನ್ನು ಬಳಸಿಕೊಂಡಿದೆ. ಲಾರೆನ್ ಶ್ವೆನಿಂಗರ್ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಆರಂಭಿಸಿದ ಯೋಜನೆಯು ಶಾಸನಸಭೆಗಳಿಗೂ ನ್ಯಾಯಾಲಯಗಳಿಗೂ ಸಲ್ಲಿಸಿದ ಸಾವಿರಾರು ಅರ್ಜಿಗಳನ್ನು ಸಂಗ್ರಹಿಸಿ ಸಾರ್ವಜನಿಕರಿಗೆ ಒದಗಿಸಿದೆ. ತಮ್ಮ ಪೂರ್ವಜರನ್ನು ಹುಡುಕುವ ಕುಟುಂಬಗಳಿಗೂ ಇದು ನೆರವಾಗಿದೆ.

ಇತರ ಪ್ರದೇಶಗಳು

ಇಂದು ಗಯಾನಾದ ಭಾಗವಾಗಿರುವ ಬರ್ಬೀಸ್ ವಸಾಹತಿನಲ್ಲಿ ಗುಲಾಮರು ಫಿಸ್ಕಲ್ ಎಂಬ ಅಧಿಕಾರಿಯ ಮುಂದೆ ದೂರು ನೀಡಬಹುದಾಗಿತ್ತು. 19ನೆಯ ಶತಮಾನದ ಆರಂಭದ ಆ ದೂರುಗಳಲ್ಲಿ ಅವರ ಮಾತುಗಳು ಹೆಚ್ಚು ನೇರವಾಗಿ ಉಳಿದಿವೆ. ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಡಚ್ ನ್ಯಾಯಮಂಡಲಿಯ ಕಡತಗಳಲ್ಲಿ ಮಲಬಾರ್, ಕೋರಮಂಡಲ, ಬಂಗಾಳಗಳಿಂದ ಒಯ್ಯಲ್ಪಟ್ಟ ಭಾರತೀಯ ಗುಲಾಮರೂ ಇದ್ದಾರೆ. ಅವರ ಹೆಸರಿನ ಜೊತೆಗೆ ತವರು ಪ್ರದೇಶದ ಹೆಸರು ಸೇರಿರುವುದು ಸಾಮಾನ್ಯ.

ಭಾರತದಲ್ಲಿ 1843ರ 5ನೆಯ ಕಾಯಿದೆಯು ಗುಲಾಮರ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡದಂತೆ ನಿರ್ಬಂಧಿಸಿತು. ಅದಕ್ಕೆ ಮುಂಚೆ 1841ರಲ್ಲಿ ಸಲ್ಲಿಕೆಯಾದ ಕಾನೂನು ಆಯೋಗದ ವರದಿಯಲ್ಲಿ ಮಲಬಾರ್‌ನೊಂದಿಗೆ ಕೆನರಾ ಜಿಲ್ಲೆಯ ಕೃಷಿ ಗುಲಾಮಗಿರಿಯ ವಿವರಗಳೂ ಇವೆ.

ಮಿತಿಗಳು ಮತ್ತು ವಿಮರ್ಶೆ

ನ್ಯಾಯಾಲಯದ ದಾಖಲೆಗಳು ಗುಲಾಮರಿಗಾಗಿ ಬರೆದವುಗಳಲ್ಲ. ಮಾರಿದವನಿಗೆ ಗುಲಾಮನು ರೋಗದ ನಟನೆ ಮಾಡುತ್ತಿದ್ದಾನೆಂದು ಸಾಧಿಸಬೇಕಾಗಿತ್ತು. ಕೊಂಡವನಿಗೆ ರೋಗ ಹಳೆಯದೆಂದು ತೋರಿಸಬೇಕಾಗಿತ್ತು. ಎರಡೂ ಕಡೆಯ ವೈದ್ಯರು ತಮ್ಮ ಕಕ್ಷಿಗಾರನಿಗೆ ಅನುಕೂಲವಾಗುವಂತೆ ಮಾತನಾಡುವ ಸಾಧ್ಯತೆಯಿತ್ತು. ಹುಚ್ಚು ಎಂದು ಬರೆದಿರುವಲ್ಲೆಲ್ಲ ರೋಗವಿತ್ತೆಂದು ನಂಬಲಾಗದು. ದುಃಖ, ಪೆಟ್ಟು, ಜ್ವರ ಅಥವಾ ಪ್ರತಿರೋಧಕ್ಕೂ ಅದೇ ಪದ ಬಳಕೆಯಾಗಿರಬಹುದು. ನಟನೆ ಎಂದು ಬರೆದಿರುವಲ್ಲೆಲ್ಲ ರೋಗವಿರಲಿಲ್ಲವೆಂದೂ ಹೇಳಲಾಗದು. ಈ ಕಾರಣದಿಂದ ಹಳೆಯ ವಿವರಣೆಗಳನ್ನು ಆಧರಿಸಿ ಇಂದಿನ ರೋಗನಾಮಗಳನ್ನು ಅಂಟಿಸುವುದನ್ನು ಸಂಶೋಧಕರು ಸಾಮಾನ್ಯವಾಗಿ ತಪ್ಪಿಸುತ್ತಾರೆ.

ಸೈದಿಯಾ ಹಾರ್ಟ್‌ಮನ್ ಮತ್ತು ಮರಿಸಾ ಫ್ಯೂಯೆಂಟಸ್ ಮುಂತಾದವರು ಇನ್ನೊಂದು ಪ್ರಶ್ನೆಯನ್ನು ಎತ್ತಿದ್ದಾರೆ. ಹಿಂಸೆ ನಡೆದಾಗ ಮಾತ್ರ ದಾಖಲೆಯೊಳಗೆ ಬಂದ ವ್ಯಕ್ತಿಯನ್ನು ಆ ಹಿಂಸೆಯಿಂದಷ್ಟೇ ಗುರುತಿಸಿದರೆ ಆಕೆಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತಲ್ಲವೇ ಎಂಬುದು ಆ ಪ್ರಶ್ನೆ. ಕೇಟ್‌ಳ ಬದುಕಿನಲ್ಲಿ ಸಾರ್ವಜನಿಕರಿಗೆ ತಿಳಿದಿರುವುದು ಆಕೆಯನ್ನು ನಿರುಪಯುಕ್ತಳೆಂದು ಕರೆದ ತೀರ್ಪು ಮಾತ್ರ. ಆನ್ ವಿಲಿಯಮ್ಸ್‌ಳ ಕುರಿತೂ ಎರಡನೆಯ ಕಡತ ದೊರೆಯದಿದ್ದರೆ ಕಿಟಕಿಯಿಂದ ಹಾರಿದ ಆ ಒಂದು ಕ್ಷಣವಷ್ಟೇ ಉಳಿಯುತ್ತಿತ್ತು.

ಇವನ್ನೂ ನೋಡಿ

ಗುಲಾಮಗಿರಿ
ಅಮೆರಿಕದ ಅಂತರ್ಯುದ್ಧ
ಡ್ರೆಡ್ ಸ್ಕಾಟ್
ಮನೋವೈದ್ಯಶಾಸ್ತ್ರದ ಇತಿಹಾಸ